ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್‌ಗೆ ಬಂದ ಮೇಷ್ಟ್ರ ಪ್ರಶ್ನೆ: ವಾಪಸ್ ಹೋಗಲೇ, ಇಲ್ಲೇ ಇರಲೇ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಕನ್ನಡ ಮೇಷ್ಟ್ರು. ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇದೆ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲ, ವಿಂಡೋಸ್ 11 ಇದರಲ್ಲಿ ಹಾಕಲು ಆಗುವುದಿಲ್ಲ ಎಂದು ತಂಗಿಯ ಮಗ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಮಿಂಟ್ ಹಾಕಿಕೊಟ್ಟು ಬೆಂಗಳೂರಿಗೆ ಹೊರಟುಹೋದ. ಹಳೆಯ ವಿಂಡೋಸ್ ಕೂಡ ಪಕ್ಕದಲ್ಲಿದೆ. ತಿಂಗಳಾಯಿತು, ಒಗ್ಗುತ್ತಲೇ ಇಲ್ಲ. ಸಿ ಡ್ರೈವ್ ಕಾಣಿಸುವುದಿಲ್ಲ. ಡಿ ಡ್ರೈವ್ ಹೇಗೋ ಸಿಕ್ಕಿತು, ಆದರೆ ಅದರಲ್ಲಿ ಏನೂ ಸೇವ್ ಆಗುವುದಿಲ್ಲ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿಟ್ಟ ವರ್ಷಗಟ್ಟಲೆ ಪ್ರಶ್ನೆಪತ್ರಿಕೆ, ಲೇಖನಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದ ಫೈಲ್ ಜೆರಾಕ್ಸ್ ಅಂಗಡಿಯಲ್ಲಿ ತೆರೆಯಲಿಲ್ಲ. ಹಳೆಯ ಲೇಸರ್ ಪ್ರಿಂಟರ್ ಸುಮ್ಮನೆ ಕೂತಿದೆ. ವಿಂಡೋಸ್‌ಗೆ ಹೋದರೆ ಗಡಿಯಾರವೇ ತಪ್ಪು ತೋರಿಸುತ್ತದೆ. ವಾಪಸ್ ಹೋಗಿಬಿಡಲೇ?

ಉತ್ತರ: ಮೇಷ್ಟ್ರೇ, ಆ ತೀರ್ಮಾನ ಇವತ್ತೇ ಬೇಡ. ನಿಮ್ಮ ಪತ್ರದಲ್ಲಿ ಎರಡು ಬಗೆಯ ತೊಂದರೆಗಳು ಒಟ್ಟಿಗೆ ಸೇರಿಕೊಂಡಿವೆ. ಒಂದು, ಕೈಗೆ ಇನ್ನೂ ಅಭ್ಯಾಸವಾಗದ್ದು. ಇನ್ನೊಂದು, ಮಿಂಟ್‌ನಲ್ಲಿ ನಿಜವಾಗಿಯೂ ಇಲ್ಲದ್ದು. ಮೊದಲನೆಯದು ದಿನ ಕಳೆದಂತೆ ತಾನಾಗಿ ಹೋಗುತ್ತದೆ. ಎರಡನೆಯದು ಎಷ್ಟು ದಿನ ಕಾದರೂ ಹೋಗುವುದಿಲ್ಲ, ಅದಕ್ಕೆ ದಾರಿ ಹುಡುಕಲೇಬೇಕು. ಎರಡನ್ನೂ ಒಂದೇ ಗಂಟು ಕಟ್ಟಿ "ಲಿನಕ್ಸ್ ನನಗಾಗದು" ಅನ್ನುವವರೇ ಜಾಸ್ತಿ. ನಿಮ್ಮ ಪಟ್ಟಿಯಲ್ಲಿ ಎರಡನೆಯ ಬಗೆಯವು ಎರಡೇ ಇವೆ: ನುಡಿ ಮತ್ತು ಪ್ರಿಂಟರ್. ಉಳಿದವು ಸಣ್ಣವು.

ನಿಮ್ಮ ತಂಗಿಯ ಮಗ ಹೇಳಿದ್ದು ಸರಿಯೇ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮೈಕ್ರೋಸಾಫ್ಟ್ ಮನೆಬಳಕೆಯವರಿಗೆ ಇನ್ನೊಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇಟ್ಟಿತು, ಅದರ ಗಡುವು 2026ರ ಅಕ್ಟೋಬರ್ 13. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್, ಜೊತೆಗೆ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್. ಅದಕ್ಕಿಂತ ಹಳೆಯ ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ಅಧಿಕೃತವಾಗಿ ಅದರಲ್ಲಿ ಹಾಕಲು ಬರುವುದಿಲ್ಲ. ಮಿಂಟ್‌ಗೆ ಆ ಷರತ್ತಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಆರಾಮಾಗಿ ನಡೆಯುತ್ತದೆ. 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ.

ಈಗ ಡ್ರೈವ್ ವಿಷಯ. ಲಿನಕ್ಸ್‌ನಲ್ಲಿ ಸಿ, ಡಿ ಅನ್ನುವ ಅಕ್ಷರಗಳೇ ಇಲ್ಲ. ನಿಮ್ಮ ಫೈಲುಗಳಿಗೆಲ್ಲ ಒಂದೇ ಮನೆ, ಅದರ ಹೆಸರೂ ಹೋಮ್. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಅದರೊಳಗೇ ಇವೆ. ಹೋಮ್‌ನಿಂದ ಆಚೆ ಇರುವುದು ಸಿಸ್ಟಮ್‌ಗೆ ಸೇರಿದ್ದು, ನೀವು ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ. ಹಳೆಯ ಡಿ ಡ್ರೈವ್ ಫೈಲ್ ಕಿಟಕಿಯ ಎಡಬದಿಯಲ್ಲಿ ಅದರ ಹೆಸರಿನಿಂದಲೋ, ಹೆಸರಿಲ್ಲದಿದ್ದರೆ "ಇಷ್ಟು ಜಿಬಿ ವಾಲ್ಯೂಮ್" ಎಂದೋ ಕಾಣಿಸುತ್ತದೆ. ಕ್ಲಿಕ್ ಮಾಡಿದರೆ ತೆರೆಯುತ್ತದೆ.

ಅದರಲ್ಲಿ ಸೇವ್ ಆಗದಿರುವುದಕ್ಕೆ ಕಾರಣ ಬಹುಮಟ್ಟಿಗೆ ವಿಂಡೋಸ್ ಕಡೆಯೇ ಇರುತ್ತದೆ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನುವ ಏರ್ಪಾಡು ಇದೆ. ನೀವು ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮುಂದಿನ ಸಲ ಬೇಗ ಏಳಬೇಕೆಂದು ಅರ್ಧ ನಿದ್ದೆಯಲ್ಲಿ ಮಲಗಿರುತ್ತದೆ. ಆ ಸ್ಥಿತಿಯಲ್ಲಿ ಬೇರೆ ಯಾರಾದರೂ ಡಿಸ್ಕ್‌ನಲ್ಲಿ ಬರೆದರೆ ಫೈಲುಗಳು ಕೆಡಬಹುದು. ಅದಕ್ಕೇ ಮಿಂಟ್ "ಓದು, ಆದರೆ ಬರೆಯಬೇಡ" ಎಂದು ಡ್ರೈವನ್ನು ತೆರೆದುಕೊಡುತ್ತದೆ. ಒಮ್ಮೆ ವಿಂಡೋಸ್‌ಗೆ ಹೋಗಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ, ಪವರ್ ಬಟನ್ ಏನು ಮಾಡಬೇಕು ಅನ್ನುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್ ಎದುರಿನ ಟಿಕ್ ತೆಗೆಯಿರಿ. ಅಲ್ಲಿಂದ ಶಟ್‌ಡೌನ್ ಮಾಡಿ ಮಿಂಟ್‌ಗೆ ಬನ್ನಿ. ಸೇವ್ ಆಗುತ್ತದೆ. ಆಮೇಲೂ ಆಗದಿದ್ದರೆ ಡಿಸ್ಕ್‌ನಲ್ಲೇ ಏನೋ ದೋಷವಿರಬಹುದು. ಆಗ ವಿಂಡೋಸ್‌ನಿಂದಲೇ ಎರರ್ ಚೆಕಿಂಗ್ ಓಡಿಸಿ.

ಗಡಿಯಾರದ ಕಥೆ ಇನ್ನೂ ಸರಳ. ವಿಂಡೋಸ್‌ನಲ್ಲಿ ಅದು ಐದೂವರೆ ಗಂಟೆ ಹಿಂದೆ ಇರುತ್ತದೆ, ಅಲ್ವಾ? ಕಂಪ್ಯೂಟರ್‌ನ ಮದರ್‌ಬೋರ್ಡ್‌ನಲ್ಲಿ ಒಂದು ಪುಟ್ಟ ಗಡಿಯಾರವಿದೆ. ಅದು ತೋರಿಸುವುದು ನಮ್ಮೂರಿನ ಸಮಯ ಎಂದು ವಿಂಡೋಸ್ ನಂಬುತ್ತದೆ. ಲಿನಕ್ಸ್ ಅದರಲ್ಲಿ ಜಾಗತಿಕ ಸಮಯ ಬರೆದಿಟ್ಟು, ತೆರೆಯ ಮೇಲೆ ತೋರಿಸುವಾಗ ಐದೂವರೆ ಗಂಟೆ ಕೂಡಿಸಿಕೊಳ್ಳುತ್ತದೆ. ಇಬ್ಬರೂ ಒಂದೇ ಗಡಿಯಾರ ತಿರುಗಿಸುವುದರಿಂದ ಈ ಎಡವಟ್ಟು. ತಂಗಿಯ ಮಗನಿಗೆ ಫೋನ್ ಮಾಡಿ "ಮಿಂಟ್‌ನಲ್ಲಿ ಆರ್‌ಟಿಸಿಯನ್ನು ಲೋಕಲ್ ಟೈಮ್‌ಗೆ ಇಡಪ್ಪಾ" ಅನ್ನಿ. ಆರ್‌ಟಿಸಿ ಅಂದರೆ ಆ ಪುಟ್ಟ ಗಡಿಯಾರವೇ. ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ಒಂದು ಸಾಲಿನ ಕೆಲಸ.

ಇನ್ನು ಪೆನ್‌ಡ್ರೈವ್. ಇಲ್ಲಿ ಎರಡು ಸಂಗತಿ ನಡೆದಿರಬಹುದು. ಲಿನಕ್ಸ್ ಕಾಪಿ ಮಾಡುವಾಗ ಮೊದಲು ಎಲ್ಲವನ್ನೂ ಮೆಮೊರಿಗೆ ತೆಗೆದುಕೊಂಡು, ಆಮೇಲೆ ನಿಧಾನವಾಗಿ ಪೆನ್‌ಡ್ರೈವ್‌ಗೆ ಬರೆಯುತ್ತದೆ. ಕಾಪಿ ಮುಗಿಯಿತು ಎಂದು ತೆರೆಯಲ್ಲಿ ಕಂಡರೂ ಹಿಂದೆ ಬರೆಯುವ ಕೆಲಸ ನಡೆಯುತ್ತಲೇ ಇರಬಹುದು. ಆಗ ಕಿತ್ತುಕೊಂಡರೆ ಅರ್ಧ ಫೈಲ್ ಸಿಗುತ್ತದೆ, ಇಲ್ಲವೇ ಖಾಲಿ ಫೈಲ್. ಎಡಬದಿಯಲ್ಲಿ ಪೆನ್‌ಡ್ರೈವ್ ಹೆಸರಿನ ಪಕ್ಕ ಇರುವ ಎಜೆಕ್ಟ್ ಗುರುತನ್ನು ಒತ್ತಿ, ತೆಗೆಯಬಹುದು ಎಂದು ಹೇಳುವವರೆಗೆ ಕಾಯಿರಿ. ವಿಂಡೋಸ್‌ನಲ್ಲಿ ಹೀಗೆ ಮಾಡದೆಯೂ ಬಹಳ ಸಲ ನಡೆದುಹೋಗುತ್ತಿತ್ತು. ಇಲ್ಲಿ ಅದು ನಡೆಯುವುದಿಲ್ಲ.

ಎರಡನೆಯದು, ಫೈಲ್ ಬಗೆ. ಮಿಂಟ್‌ನಲ್ಲಿ ವರ್ಡ್‌ನ ಜಾಗದಲ್ಲಿರುವ ಲಿಬ್ರೆಆಫೀಸ್‌ನಲ್ಲಿ ಸುಮ್ನೆ ಸೇವ್ ಒತ್ತಿದರೆ ಅದು ಓಡಿಟಿ ಬಗೆಯ ಫೈಲ್ ಆಗುತ್ತದೆ. ಅಂಗಡಿಯ ಹುಡುಗನಿಗೆ ಅದರ ಪರಿಚಯ ಇರುವುದು ಅನುಮಾನ. ವರ್ಡ್‌ನ ಡಾಕ್ಸ್ ಆಗಿ ಸೇವ್ ಮಾಡಿದರೆ ತೆರೆಯುತ್ತದೆ, ಆದರೆ ನೀವು ಬಳಸಿದ ಕನ್ನಡ ಅಕ್ಷರಶೈಲಿ ಅವರಲ್ಲಿ ಇಲ್ಲದಿದ್ದರೆ ಸಾಲುಗಳು ಅತ್ತಿತ್ತ ಸರಿದು ಎರಡು ಪುಟದ್ದು ಮೂರಾಗುತ್ತದೆ. ಪ್ರಿಂಟ್‌ಗೆ ಕೊಡುವುದಾದರೆ ಪಿಡಿಎಫ್ ಒಂದೇ ದಾರಿ. ಲಿಬ್ರೆಆಫೀಸ್ ರೈಟರ್‌ನಲ್ಲಿ ಅದಕ್ಕೆ ಮೇಲ್ಗಡೆಯೇ ಒಂದು ಬಟನ್ ಇದೆ. ಅಕ್ಷರಶೈಲಿ ಫೈಲ್‌ನೊಳಗೇ ಹೋಗುವುದರಿಂದ ನೀವು ಕಂಡದ್ದೇ ಅವರಿಗೂ ಕಾಣುತ್ತದೆ.

ಜೊತೆಗೆ ಫೈಲ್ ಹೆಸರಿನ ಮೇಲೂ ಸ್ವಲ್ಪ ಕಣ್ಣಿಡಿ. ಲಿನಕ್ಸ್‌ನಲ್ಲಿ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಎಲ್ಲ ಹಾಕಬಹುದು. ವಿಂಡೋಸ್ ಅವನ್ನು ಒಪ್ಪುವುದಿಲ್ಲ, ಪೆನ್‌ಡ್ರೈವ್‌ಗೆ ಕಾಪಿ ಮಾಡುವಾಗಲೇ ತಕರಾರು ಬರಬಹುದು. ಇಂಗ್ಲಿಷ್‌ನಲ್ಲಿ ಹೆಸರಿಟ್ಟರೆ ದೊಡ್ಡ ಅಕ್ಷರ, ಸಣ್ಣ ಅಕ್ಷರಗಳನ್ನು ಲಿನಕ್ಸ್ ಬೇರೆ ಬೇರೆ ಎಂದೇ ಎಣಿಸುತ್ತದೆ. ಒಂದೇ ಹೆಸರಿನ ಎರಡು ಫೈಲ್ ಪಕ್ಕಪಕ್ಕ ಕಂಡು ಗಾಬರಿಯಾಗುವವರಿದ್ದಾರೆ. ಕನ್ನಡದಲ್ಲಿ ಹೆಸರಿಟ್ಟರೆ ಆ ತಲೆನೋವೇ ಇಲ್ಲ ನೋಡಿ!

ಈಗ ನುಡಿಗೆ ಬರೋಣ. ನಿಮ್ಮ ನಿಜವಾದ ಚಿಂತೆ ಇದೇ ಎಂದು ನನಗನ್ನಿಸಿತು.

ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸ್‌ಗಾಗಿ ಮಾಡಿದ್ದು. ಅದರ ಲಿನಕ್ಸ್ ಆವೃತ್ತಿ ಹುಡುಕುತ್ತಾ ಕೂರಬೇಡಿ. ಆದರೆ ನುಡಿ ಅಂದಾಗ ಮೂರು ಬೇರೆ ಸಂಗತಿಗಳಿವೆ: ಹಳೆಯ ಫೈಲುಗಳನ್ನು ಓದುವುದು, ಹೊಸದಾಗಿ ಟೈಪ್ ಮಾಡುವುದು, ಹಳೆಯ ಫೈಲನ್ನು ತಿದ್ದುವುದು. ಮೊದಲೆರಡು ಮಿಂಟ್‌ನಲ್ಲಿ ಸಲೀಸು. ಮೂರನೆಯದು ಮಾತ್ರ ಕಿರಿಕಿರಿ.

ಹಳೆಯ ನುಡಿ ಫೈಲುಗಳು ಆಸ್ಕಿ ಬಗೆಯವು. ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ನುಡಿಯ ಅಕ್ಷರಶೈಲಿ ಅವಕ್ಕೆ ಕನ್ನಡದ ರೂಪ ಕೊಡುತ್ತಿತ್ತು. ಆ ಅಕ್ಷರಶೈಲಿ ಮಿಂಟ್‌ನಲ್ಲಿ ಇಲ್ಲದ ಕಾರಣ ನಿಮಗೆ ಕಲಸುಮೇಲೋಗರ ಕಾಣುತ್ತಿದೆ. ಬರೆದದ್ದು ಒಂದಕ್ಷರವೂ ಕಳೆದಿಲ್ಲ, ಆ ಭಯ ಬಿಡಿ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಹೆಸರಿನ ಟಿಟಿಎಫ್ ಫೈಲುಗಳನ್ನು ಕಾಪಿ ಮಾಡಿಕೊಳ್ಳಿ. ಮಿಂಟ್‌ನಲ್ಲಿ ಅವುಗಳ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅಕ್ಷರಗಳ ಮಾದರಿ ಕಾಣುತ್ತದೆ, ಪಕ್ಕದಲ್ಲಿ ಇನ್‌ಸ್ಟಾಲ್ ಬಟನ್ ಇರುತ್ತದೆ. ಲಿಬ್ರೆಆಫೀಸ್ ಮುಚ್ಚಿ ಮತ್ತೆ ತೆರೆಯಿರಿ. ನಿಮ್ಮ ಪ್ರಶ್ನೆಪತ್ರಿಕೆಗಳು ಕನ್ನಡದಲ್ಲೇ ಕಾಣುತ್ತವೆ, ಪ್ರಿಂಟೂ ಆಗುತ್ತವೆ.

ಹೊಸದಾಗಿ ಟೈಪ್ ಮಾಡಲು ಯೂನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತ ಇರುವ ಏರ್ಪಾಡು. ನಿಮ್ಮ ಕೈಗೆ ರೂಢಿಯಾಗಿರುವ ಕೀಲಿಮಣೆ ಇಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್ ಎಂ17ಎನ್ (ibus-m17n) ಎಂಬ ಟೈಪಿಂಗ್ ತಂತ್ರಾಂಶವನ್ನು ಹುಡುಕಿ ಹಾಕಿಕೊಳ್ಳಿ. ಇನ್‌ಪುಟ್ ಮೆಥಡ್ ಎಂಬ ಸೆಟ್ಟಿಂಗ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ ಔಟ್ ಆಗಿ ಒಳಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಅನ್ನುವ ಆಯ್ಕೆ ಇದೆ. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ ವಿನ್ಯಾಸ ಅಂದರೆ ಅದೇ. ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ಎಫ್, ಎಲ್ಲ ಹಾಗೇ. ಇಂಗ್ಲಿಷ್‌ಗೂ ಕನ್ನಡಕ್ಕೂ ಓಡಾಡಲು ವಿಂಡೋಸ್ ಕೀ ಜೊತೆ ಸ್ಪೇಸ್. ಮಿಂಟ್‌ನ ಆವೃತ್ತಿಯಿಂದ ಆವೃತ್ತಿಗೆ ಈ ಸೆಟ್ಟಿಂಗ್‌ಗಳ ಜಾಗ ತುಸು ಬದಲಾಗುವುದುಂಟು, ಹೆಸರು ಹಿಡಿದು ಮೆನುವಿನಲ್ಲಿ ಹುಡುಕಿದರೆ ಸಿಗುತ್ತದೆ.

ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಕಗಪ ಎಂಬ ಇನ್ನೊಂದು ಆಯ್ಕೆಯೂ ಕಣ್ಣಿಗೆ ಬೀಳಬಹುದು. ಅದನ್ನು ಹಾಕಿಕೊಂಡು "ಇದು ನುಡಿಯ ಹಾಗಿಲ್ಲ" ಎಂದು ಬೇಸತ್ತವರಿದ್ದಾರೆ. ಪದದ ಮೊದಲಿಗೆ ಬಂದಾಗ ಸ್ವರ, ವ್ಯಂಜನದ ಮುಂದೆ ಬಂದಾಗ ಕಾಗುಣಿತ, ಹೀಗೆ ತಾನಾಗಿ ಬದಲಿಸುವ ಜಾಣತನ ಅದಕ್ಕಿಲ್ಲ. ನಿಮಗೆ ಬೇಕಾದ್ದು ಐಬಸ್‌ನೊಳಗಿನದು.

ಅಕ್ಷರಶೈಲಿಗೆ ಬಂದರೆ ನೋಟೋ ಸೆರಿಫ್ ಕನ್ನಡ ಪುಸ್ತಕದ ಬರಹಕ್ಕೆ ಚೆನ್ನಾಗಿ ಕಾಣುತ್ತದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಕೂಡ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ. ವಿಂಡೋಸ್‌ನ ತುಂಗಾ, ನಿರ್ಮಲಾ ಇಲ್ಲಿ ಇರುವುದಿಲ್ಲ. ಆದ್ದರಿಂದ ಬೇರೆಯವರು ಕಳಿಸಿದ ಫೈಲ್ ಸ್ವಲ್ಪ ಬೇರೆ ತರಹ ಕಂಡರೆ ಆಶ್ಚರ್ಯಪಡಬೇಡಿ.

ಉಳಿದದ್ದು ಹಳೆಯದನ್ನು ತಿದ್ದುವ ಕೆಲಸ. ಆಸ್ಕಿ ಫೈಲಿನೊಳಗೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಸೇರಿಸಲು ಹೋದರೆ ಒಂದೇ ಸಾಲಿನಲ್ಲಿ ಎರಡು ಜಾತಿಯ ಕನ್ನಡ ಕೂತು, ಮುಂದೆ ಎಲ್ಲೂ ಸರಿಯಾಗಿ ಬರುವುದಿಲ್ಲ. ಮೊದಲು ಪೂರ್ತಿ ಫೈಲನ್ನು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ತಿದ್ದಿ. ಇದಕ್ಕೆ ಪರಿವರ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಮೇಷ್ಟ್ರ ಕಣ್ಣು ಓಡಬೇಕಾದದ್ದು ಅರ್ಕಾವೊತ್ತಿನ ಮೇಲೆ. ಆಸ್ಕಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚರಿಸುವ ಕ್ರಮದಲ್ಲಿ ಮೊದಲು ಬರುತ್ತದೆ. ಪರಿವರ್ತಕ ಅದನ್ನು ಹಿಂದುಮುಂದು ಮಾಡಬೇಕು. ತಪ್ಪುಗಳು ಜಾಸ್ತಿ ಆಗುವ ಜಾಗ ಅದು. ನಡುನಡುವೆ ಬಂದ ಇಂಗ್ಲಿಷ್ ಪದಗಳೂ ಕನ್ನಡವಾಗಿ ಹೋಗಿ ವಿಚಿತ್ರ ರೂಪ ತಾಳಿರುತ್ತವೆ. ಅಂಕೆಗಳನ್ನೂ ಒಮ್ಮೆ ನೋಡಿ, ಪ್ರಶ್ನೆಪತ್ರಿಕೆಯಲ್ಲಿ ಅಂಕ ತಪ್ಪಿದರೆ ಕಷ್ಟ.

ಎಲ್ಲವನ್ನೂ ಬದಲಿಸುವ ಹಟ ಬೇಡ. ಮತ್ತೆ ಬಳಸುವ, ತಿದ್ದುವ, ಯಾರಿಗಾದರೂ ಕಳಿಸುವ ಬರಹಗಳನ್ನು ಮಾತ್ರ ಯೂನಿಕೋಡ್‌ಗೆ ತನ್ನಿ. ಉಳಿದವನ್ನು ನುಡಿ ಅಕ್ಷರಶೈಲಿ ಹಾಕಿಕೊಂಡ ಮೇಲೆ ಪಿಡಿಎಫ್ ಮಾಡಿ ಇಟ್ಟುಬಿಡಿ. ಓದಲು ಅಷ್ಟು ಸಾಕು. ಬದಲಿಸಿದ ಬರಹಕ್ಕೆ ಒಂದು ದೊಡ್ಡ ಲಾಭವಿದೆ. ಕನ್ನಡ ಪದ ಕೊಟ್ಟು ಅದರೊಳಗೆ ಹುಡುಕಬಹುದು. ಆಸ್ಕಿ ಫೈಲಿನಲ್ಲಿ ಅದು ಕನಸಿನ ಮಾತಾಗಿತ್ತು.

ನಿಮ್ಮ ಊರಿನ ಪ್ರೆಸ್ ಇನ್ನೂ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುತ್ತಿದ್ದರೆ ಅವರು ನುಡಿ ಫೈಲೇ ಬೇಕು ಅನ್ನಬಹುದು. ಅಂಥ ಕೆಲಸಕ್ಕೆ ವಿಂಡೋಸ್ ಭಾಗ ಇದ್ದೇ ಇದೆ. ಆ ಭಾಗಕ್ಕೆ ಇಂಟರ್ನೆಟ್ ಕೊಡಬೇಡಿ, ಬ್ಯಾಂಕ್ ಕೆಲಸ ಅಲ್ಲಿ ಬೇಡವೇ ಬೇಡ. ನುಡಿ ತೆರೆದು, ಕೆಲಸ ಮುಗಿಸಿ, ಮುಚ್ಚಿ. ಹೀಗೆ ಎರಡು ಕಡೆ ಕಾಲಿಡುವುದನ್ನು ಕೆಲವು ಲಿನಕ್ಸ್ ಅಭಿಮಾನಿಗಳು ಸೋಲು ಅನ್ನುತ್ತಾರೆ. ಕೆಲಸ ಆಗಬೇಕಾದವರಿಗೆ ಆ ಜಂಭ ಬೇಕಿಲ್ಲ.

ಪ್ರಿಂಟರ್ ವಿಷಯದಲ್ಲಿ ನೀವು ಮಾದರಿ ತಿಳಿಸಿಲ್ಲ, ಹಾಗಾಗಿ ಬಗೆಬಗೆಯಾಗಿ ಹೇಳುತ್ತೇನೆ. ಈಚಿನ ವೈಫೈ ಪ್ರಿಂಟರುಗಳು ಬಹುತೇಕ ಏನೂ ಹಾಕದೆಯೇ ನಡೆಯುತ್ತವೆ. ತೊಂದರೆ ಕೊಡುವುದು ನಮ್ಮ ಮನೆ, ಅಂಗಡಿಗಳಲ್ಲಿ ತುಂಬಾ ಇರುವ ಹಳೆಯ ಸಣ್ಣ ಲೇಸರ್ ಪ್ರಿಂಟರುಗಳು. ಬೆಲೆ ಇಳಿಸಲೆಂದು ಅವುಗಳಲ್ಲಿ ಯೋಚಿಸುವ ಕೆಲಸವನ್ನು ಕಂಪ್ಯೂಟರ್‌ಗೇ ಬಿಟ್ಟಿರುತ್ತಾರೆ, ಅದಕ್ಕೆ ಆ ಕಂಪನಿಯ ಡ್ರೈವರ್ ಇರಲೇಬೇಕು. ಎಚ್‌ಪಿ ಲೇಸರ್‌ಜೆಟ್ 1020 ಇದ್ದರೆ ಎಚ್‌ಪಿಲಿಪ್ ಅನ್ನುವ ತಂತ್ರಾಂಶದ ಜೊತೆಗೆ ಅದರ ಪ್ಲಗಿನ್ ಕೂಡ ಬೇಕು. ಆ ಪ್ರಿಂಟರ್ ಆನ್ ಮಾಡಿದಾಗಲೆಲ್ಲ ಅದಕ್ಕೆ ಕಂಪ್ಯೂಟರ್ ಕಡೆಯಿಂದ ಫರ್ಮ್‌ವೇರ್ ಎಂಬ ಒಳತಂತ್ರಾಂಶ ಹೋಗಬೇಕು, ಪ್ಲಗಿನ್ ಇಲ್ಲದಿದ್ದರೆ ಸುಮ್ಮನೆ ಕೂರುತ್ತದೆ. ಕ್ಯಾನನ್ ಎಲ್‌ಬಿಪಿ 2900 ಆದರೆ ಅದರ ಭಾಷೆಯೇ ಬೇರೆ, ಕ್ಯಾಪ್ಟ್ ಎಂದು ಹೆಸರು. ಲಿನಕ್ಸ್‌ಗೆ ಡ್ರೈವರ್ ಇದೆ, ಆದರೆ ಕೂರಿಸುವುದು ತಾಳ್ಮೆಯ ಕೆಲಸ. ಅದನ್ನು ನೀವೇ ಮಾಡಲು ಹೋಗಬೇಡಿ, ತಂಗಿಯ ಮಗ ಹಬ್ಬಕ್ಕೆ ಬಂದಾಗ ಹಚ್ಚಿ. ಅಲ್ಲಿಯವರೆಗೆ ಪಿಡಿಎಫ್ ಮಾಡಿ ವಿಂಡೋಸ್‌ನಿಂದ ಪ್ರಿಂಟ್ ತೆಗೆಯಿರಿ.

ಹೀಗೆ ಪರಿಹಾರ ಹುಡುಕುವಾಗ ಒಂದು ಎಚ್ಚರ. ಅಂತರ್ಜಾಲದಲ್ಲಿ ಯಾರೋ ಹತ್ತು ವರ್ಷದ ಹಿಂದೆ ಬರೆದ ಆದೇಶಗಳನ್ನು ಟರ್ಮಿನಲ್‌ಗೆ ಅಂಟಿಸಬೇಡಿ. ಅವು ಬೇರೆ ಆವೃತ್ತಿಗೆ ಬರೆದವು. ವೆಬ್‌ಸೈಟ್‌ಗಳಿಂದ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಅಭ್ಯಾಸವನ್ನೂ ಬಿಡಿ. ವಿಂಡೋಸ್‌ನ ಎಕ್ಸಿ (.exe) ಫೈಲ್ ಇಲ್ಲಿ ನೇರವಾಗಿ ನಡೆಯುವುದಿಲ್ಲ. ಬೇಕಾದ್ದನ್ನು ಮೊದಲು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಹುಡುಕಿ. ಕೆಳಗಿನ ಪಟ್ಟಿಯಲ್ಲಿ ಗುರಾಣಿಯಂಥ ಗುರುತು ಇದೆಯಲ್ಲ, ಅಪ್‌ಡೇಟ್ ಬಂದಾಗ ಅದು ತಿಳಿಸುತ್ತದೆ. ನಿಮಗೆ ಪುರುಸೊತ್ತಾದಾಗ ಒತ್ತಿದರೆ ಸಾಕು. ವಿಂಡೋಸ್‌ನ ಹಾಗೆ ಕೆಲಸದ ಮಧ್ಯೆ ಕಂಪ್ಯೂಟರ್ ಮುಚ್ಚಿ ಕೂರಿಸುವುದಿಲ್ಲ.

ಕೈಯ ಅಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಪಿ, ಪೇಸ್ಟ್, ಸೇವ್, ಅನ್‌ಡೂ ಎಲ್ಲ ಹಳೆಯ ಕೀಗಳೇ. ಪರದೆ ಲಾಕ್ ಮಾಡಲು ಕಂಟ್ರೋಲ್, ಆಲ್ಟ್, ಎಲ್ ಒಟ್ಟಿಗೆ ಒತ್ತಿ. ಮೌಸ್‌ನ ನಡುಚಕ್ರ ಒತ್ತಿದಾಗ ನೀವು ಗುರುತು ಮಾಡಿದ್ದ ಪದಗಳು ಎಲ್ಲೋ ಬಂದು ಕೂತರೆ ಹೆದರಬೇಡಿ, ಲಿನಕ್ಸ್‌ನಲ್ಲಿ ಅದೂ ಒಂದು ಪೇಸ್ಟ್. ಕ್ರೋಮ್ ತೆರೆದಾಗ ಕೀರಿಂಗ್ (ಪಾಸ್‌ವರ್ಡ್‌ಗಳನ್ನು ಕಾಪಿಡುವ ಪೆಟ್ಟಿಗೆ) ಪಾಸ್‌ವರ್ಡ್ ಕೇಳುತ್ತಿದ್ದರೆ, ಪಾಸ್‌ವರ್ಡ್ ಇಲ್ಲದೆ ನೇರ ಒಳಬರುವಂತೆ ತಂಗಿಯ ಮಗ ಮಾಡಿರುತ್ತಾನೆ. ಲಾಗಿನ್ ಪಾಸ್‌ವರ್ಡನ್ನೇ ಅಲ್ಲಿ ಕೊಡಿ. ಮಿಂಟನ್ನು ವಿಂಡೋಸ್‌ನ ತದ್ರೂಪಿಯಾಗಿ ಕಾಣಿಸುವ ಥೀಮ್‌ಗಳನ್ನು ಯಾರಾದರೂ ಹಾಕಿಕೊಟ್ಟರೆ ಬೇಡ ಅನ್ನಿ. ನೋಡಲು ವಿಂಡೋಸ್, ಒಳಗೆ ಬೇರೆ ಅಂದಾಗ ಕೈ ಇನ್ನಷ್ಟು ತಡವರಿಸುತ್ತದೆ.

ಮೆನುಗಳನ್ನು ಕನ್ನಡಕ್ಕೆ ಬದಲಿಸುವ ಆಸೆ ನಿಮಗೆ ಬಂದೇ ಬರುತ್ತದೆ. ಭಾಷೆಯ ಸೆಟ್ಟಿಂಗ್‌ನಲ್ಲಿ ಅದಕ್ಕೂ ದಾರಿಯಿದೆ. ಅನುವಾದ ಪೂರ್ತಿಯಾಗಿಲ್ಲ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಕಾಣುತ್ತದೆ. ಫೋನಿನಲ್ಲಿ ಸಹಾಯ ಕೇಳುವ ದಿನಗಳು ಮುಗಿಯುವವರೆಗೆ ಇಂಗ್ಲಿಷ್ ಹೆಸರುಗಳೇ ಇರಲಿ, ಆ ಕಡೆಯವರಿಗೆ ಹೇಳಲು ಸುಲಭ.

ಇವೆಲ್ಲಕ್ಕೂ ಕೈ ಹಾಕುವ ಮೊದಲು ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮಿಂಟ್ ಜೊತೆಗೇ ಬರುತ್ತದೆ. ಏನಾದರೂ ಕೆಟ್ಟರೆ ಸಿಸ್ಟಮ್ ಆ ದಿನದ ಸ್ಥಿತಿಗೆ ವಾಪಸ್ ಬರುತ್ತದೆ. ಆದರೆ ಅದು ಸಿಸ್ಟಮನ್ನು ಮಾತ್ರ ಕಾಯುತ್ತದೆ, ಮಾಮೂಲಿ ಸೆಟ್ಟಿಂಗ್‌ನಲ್ಲಿ ನಿಮ್ಮ ಬರಹಗಳನ್ನು ಮುಟ್ಟುವುದಿಲ್ಲ. ಡಿ ಡ್ರೈವ್‌ನಲ್ಲಿರುವ ನುಡಿ ಫೈಲುಗಳದ್ದು, ನುಡಿ ಅಕ್ಷರಶೈಲಿಗಳದ್ದು ಒಂದೊಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕ್‌ಗೆ ನೀವೇ ಹಾಕಿಡಬೇಕು. ವಿಂಡೋಸ್ ಭಾಗ ಅಳಿಸಿ ಜಾಗ ಉಳಿಸೋಣ ಎಂದು ತಂಗಿಯ ಮಗ ಮುಂದೆಂದಾದರೂ ಹೇಳಿದರೆ, ಆ ಪ್ರತಿಯನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿದ ಮೇಲಷ್ಟೇ ಹೂಂ ಅನ್ನಿ.